ಬೋರಲು ಹಾಕಿದ ರಿಪೋರ್ಟು

ದವಾಖಾನೆ ಅಂದರೆ ಬರೀ ನರಳಾಟ ಅಂದುಕೊಂಡವರು ನಮ್ಮ ದವಾಖಾನೆಯ ಬಾಕಿನ ಮೇಲೆ ಒಂದು ಬೆಳಿಗ್ಗೆ ಕೂತು ನೋಡಬೇಕಿತ್ತು. ನಗು ಬರುವ ಸಂಗತಿ ವಾರಕ್ಕೊಂದಾದರೂ ನಡೆಯದೆ ಇರುತ್ತಿರಲಿಲ್ಲ, ಮತ್ತು ಅದರಲ್ಲಿ ಅರ್ಧಕ್ಕರ್ಧ ನನ್ನ ಕೃಪೆಯಿಂದಲೇ ನಡೆಯುತ್ತಿತ್ತು.

ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿ. ಕೆಳಗೆ ಉಳ್ಳಾಗಡ್ಡಿ ಗೋದಾಮು, ಮೇಲೆ ದವಾಖಾನೆ. ತೊಂಬತ್ತರ ದಶಕದ ನಡುವೆ ನಾನು ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ ಮುಗಿಸಿ, ಮದುವೆಯಾಗಿ ಪುಣೆಗೆ ಬಂದು, ಅಲ್ಲಿ ಸಹಾಯಕ ಡಾಕ್ಟರಾಗಿ ಸೇರಿಕೊಂಡೆ. ದವಾಖಾನೆ ನಡೆಸುತ್ತಿದ್ದ ಮೇಡಂ ಅರವತ್ತರ ಹತ್ತಿರದವರು. ಮನೆಮಾತು ಮರಾಠಿ, ತವರು ಬೆಳಗಾವಿ, ಹಾಗಾಗಿ ಕನ್ನಡವೂ ನೀರು ಕುಡಿದಷ್ಟು ಸಲೀಸು. ಯಾರ್ಡಿನಲ್ಲಿ ಮೂಟೆ ಹೊರುವ ವಿಜಾಪುರದವರು, ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿಯವರು, ಅಂಗಡಿಯ ಸಾಹುಕಾರರು, ಎಲ್ಲರಿಗೂ ಅವರು ದೊಡ್ಡ ಡಾಕ್ಟರು. ನಾನು ಸಣ್ಣ ಡಾಕ್ಟರು. ಅವರಿಗೆ ಕುರ್ಚಿ, ನನಗೆ ಪಕ್ಕದಲ್ಲೊಂದು ಸ್ಟೂಲು. ಆ ಸ್ಟೂಲಿನಿಂದಾಗಿ ಹೊಸ ರೋಗಿಗಳೆಲ್ಲ ನನ್ನನ್ನು ನೋಡಿ, "ಸಿಸ್ಟರ್, ಡಾಕ್ಟರು ಯಾವಾಗ ಬರ್ತಾರ್ರಿ?" ಎಂದು ಕೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಮೇಡಂ ಅವರದೊಂದು ಪದ್ಧತಿ ಇತ್ತು. ಮೇಜಿನ ಮೇಲೆ ಯಾವನೋ ವ್ಯಾಪಾರಿ ಕೊಟ್ಟ ಕಬ್ಬಿಣದ ತೂಕದ ಕಲ್ಲು. ರೋಗಿ ರಿಪೋರ್ಟು ತಂದನೆಂದರೆ ಅದನ್ನು ಬೋರಲು ಹಾಕಿ ಮೇಲೆ ಆ ಕಲ್ಲು ಇಡುವರು. ರೋಗಿ ತನ್ನ ಕಥೆ ಹೇಳಿ ಮುಗಿಸಬೇಕು, ಮೇಡಂ ಅವನ ಕಣ್ಣು, ನಾಲಗೆ, ಉಗುರು, ಹೊಟ್ಟೆ ನೋಡಿ ಮುಗಿಸಬೇಕು. ಅಲ್ಲಿಯತನಕ ಅದನ್ನು ತಿರುವುವ ಹಾಗಿಲ್ಲ.

"ಹೆಣ್ಣು ನೋಡಾಕ ಹೋದವರು ಮೊದಲ ಜಾತಕ ಓದ್ತಾರೇನು? ಮೊದಲ ಮಾರಿ ನೋಡ್ತಾರ" ಎನ್ನುತ್ತಿದ್ದರು. ನಮ್ಮ ಅತ್ತೆಯ ಮನೆಯವರು ಮೊದಲು ಜಾತಕವನ್ನೇ ಓದಿದ್ದರು. ಆದರೆ ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ಸೇರಿದ ದಿನವೇ ಅವರು ಹೇಳಿಬಿಟ್ಟಿದ್ದರು: "ನೋಡವಾ, ನನ್ನ ಮೊಣಕಾಲು ಹೋಗ್ಯಾವ. ಈ ದವಾಖಾನಿ ಯಾರಿಗರೆ ಒಪ್ಪಿಸಬೇಕು. ಬೋರಲು ಬಿದ್ದ ರಿಪೋರ್ಟಿನಾಗ ಏನದ ಅಂತ, ಅದನ್ನ ಮುಟ್ಟಲಾರದ, ಪೇಷಂಟ್ ನೋಡಿ ನೀ ನನ್ನ ಮುಂದ ಹೇಳಬೇಕು. ಅವತ್ತ ಈ ಕುರ್ಚಿ ನಿಂದು."

ಅಂದಿನಿಂದ ನನ್ನ ಕಣ್ಣು ಆ ಕುರ್ಚಿಯ ಮೇಲೆ. ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಸಂಜೆ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು: "ಕುರ್ಚಿ ಸಿಕ್ತೇನು?"

ಭಂಡಾರ

ಸೇರಿದ ಹೊಸತರಲ್ಲೇ ಒಬ್ಬ ಹಮಾಲ ಬಂದ. ಇಂಡಿ ತಾಲೂಕಿನವನು, ಎರಡು ಮೂಟೆ ಒಟ್ಟಿಗೆ ಹೊರುವ ಆಳು. ಈಗ ಮಾತ್ರ ಮೈಕೈ ನೋವು, ಸುಸ್ತು, ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದ. ಮೇಡಂ ಎರಡು ದಿನ ಬೆಳಗಾವಿಗೆ ಹೋಗಿದ್ದರು. ನೋಡುತ್ತೇನೆ, ಮೈಯೆಲ್ಲ ಹಳದಿ! ಕುತ್ತಿಗೆ, ಕಿವಿಯ ಹಿಂದೆ, ಅಂಗೈಯ ಗೆರೆ, ಉಗುರಿನ ಸಂದಿ. ಪುಸ್ತಕದ ಬಣ್ಣದ ಚಿತ್ರದಲ್ಲಿ ಕೂಡ ಇಷ್ಟು ಚೆಂದದ ಕಾಮಾಲೆಯನ್ನು ನಾನು ನೋಡಿರಲಿಲ್ಲ. ತಡಮಾಡದೆ ರಕ್ತಪರೀಕ್ಷೆಗೆ ಬರೆದುಕೊಟ್ಟೆ.

ಸಂಜೆ ರಿಪೋರ್ಟು ಬಂತು. ಕಾಮಾಲೆಯ ಸುಳಿವೇ ಇಲ್ಲ. ನನ್ನ ಸಿಟ್ಟು ನೆತ್ತಿಗೇರಿತು. ಲ್ಯಾಬಿಗೆ ಫೋನ್ ಮಾಡಿ, "ನಿಮ್ಮಲ್ಲಿ ಕಣ್ಣಿದ್ದವರು ಯಾರಾದರೂ ಕೆಲಸ ಮಾಡುತ್ತಾರಾ?" ಎಂದು ಮರಾಠಿಯಲ್ಲಿ ಕೇಳಿದೆ. ನನ್ನ ಮರಾಠಿ ಆಗಿನ್ನೂ ಹೊಸದು, ಸಿಟ್ಟು ಮಾತ್ರ ಹಳೆಯದು. ಮರುದಿನ ಮತ್ತೆ ರಕ್ತ ಕಳಿಸಿದೆ. ಮತ್ತೆ ಅದೇ ಉತ್ತರ.

ಅಷ್ಟರಲ್ಲಿ ಮೇಡಂ ಊರಿಂದ ಬಂದರು. ಎರಡೂ ರಿಪೋರ್ಟನ್ನು ಬೋರಲು ಹಾಕಿ ಕಲ್ಲು ಇಟ್ಟು ಹಮಾಲನನ್ನು ಕೇಳಿದರು: "ಎಲ್ಲಿಗೆ ಹೋಗಿದ್ದೆಪಾ?"

"ಜೇಜುರಿಗೆ ಹೋಗಿದ್ದೆರಿ, ಖಂಡೋಬಾನ ಗುಡಿಗೆ. ಲಗ್ನ ಆಗೇದ್ರಿ ಮೊನ್ನೆ."

ಜೇಜುರಿಯ ಗುಡ್ಡದಲ್ಲಿ ಭಕ್ತರು ಅರಿಸಿನದ ಪುಡಿಯನ್ನು ಮುಷ್ಟಿ ಮುಷ್ಟಿ ತೂರುತ್ತಾರೆ. ಅದಕ್ಕೆ ಭಂಡಾರ ಎನ್ನುತ್ತಾರೆ. ಹೋಗಿ ಬಂದವರ ಬಟ್ಟೆ, ಮೈ, ಕೂದಲು ಎಲ್ಲ ಹಳದಿ. ಇನ್ನೊಂದು ಪದ್ಧತಿಯೂ ಉಂಟು. ಹೊಸದಾಗಿ ಮದುವೆಯಾದವನು ಹೆಂಡತಿಯನ್ನು ಎತ್ತಿಕೊಂಡು ಒಂದಷ್ಟು ಮೆಟ್ಟಿಲು ಹತ್ತಬೇಕು.

"ನಾಕೈದು ಮೆಟ್ಟಲಾ ಹೊತ್ರ ಸಾಕು ಅಂದ್ರುರಿ ಹಿರಿಯಾರು" ಎಂದ ಹಮಾಲ. "ನಾ ಹಮಾಲ ಅದೀನ್ರಿ. ನಾಕೈದಕ್ಕ ಇಳಸಿದ್ರ ಯಾರ್ಡಿನ ಮಂದಿ ನಗೂದಿಲ್ಲೇನ್ರಿ? ಗುಡಿ ತನಕ ಹೊತ್ತೆ."

ಮೈಕೈ ನೋವಿನ ಮೂಲ ಬಾಗಿಲ ಹೊರಗೆ ಬಾಕಿನ ಮೇಲೆ ನಾಚಿಕೊಂಡು ಕೂತಿತ್ತು. ಮೂಟೆಗಿಂತ ಕಡಿಮೆ ತೂಕದವಳೇನೂ ಅಲ್ಲ.

ಮೇಡಂ ಒದ್ದೆ ಹತ್ತಿಯಿಂದ ಅವನ ತೋಳು ಒರೆಸಿದರು. ಹತ್ತಿ ಹಳದಿಯಾಯಿತು, ತೋಳು ಕಪ್ಪಾಯಿತು. ಅವನ ಕೆಳರೆಪ್ಪೆ ಎಳೆದು ನನಗೆ ತೋರಿಸಿದರು. ಕಣ್ಣಿನ ಬಿಳಿ ಭಾಗ ಹಾಲಿನಂತೆ ಇತ್ತು. "ಭಂಡಾರ ಮೈಗೆ ಹತ್ತತದ, ಕಣ್ಣಿಗೆ ಹತ್ತೂದಿಲ್ಲ. ಖರೇ ಕಾಮಣಿ ಆದ್ರ ಮೊದಲ ಅಲ್ಲೇ ಹೋಗಿ ಕೂಡತದ" ಎಂದರು. ಎರಡು ದಿನ ಎರಡು ರಿಪೋರ್ಟು ಹೇಳಿದ ಸತ್ಯವನ್ನು ಒಂದು ತುಂಡು ಹತ್ತಿ ಒಪ್ಪಿಸಿತಲ್ಲ ಎಂದು ನಾನು ಬಾಯಿ ತೆರೆದು ನಿಂತಿದ್ದೆ.

ಹಮಾಲನ ಮುಖ ಮಾತ್ರ ಸಣ್ಣದಾಗಿತ್ತು. ಹತ್ತಿರ ಬಂದು ಮೆಲ್ಲಗೆ ಕೇಳಿದ: "ಡಾಕ್ಟರ್ರ, ರಕ್ತದಾಗ ಏನೂ ಹಳದಿ ಇಲ್ಲಂತ ಎರಡ ಸರ್ತಿ ರಿಪೋರ್ಟ್ ಬಂತಂತಲ್ರಿ. ಭಂಡಾರ ಒಳಗ ಇಳಿದಿಲ್ಲಂದ್ರ, ನನ್ನ ಭಕ್ತಿ ಎಲ್ಲರೆ ಕಮ್ಮಿ ಬಿತ್ತೇನ್ರಿ?"

ನಾನ್ನೂರರ ಮಾಲು

ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಕೂತಲ್ಲೇ ಹೇಳುವ ಮಶೀನು ಆಗ ಹೊಸದು. ಅದು ನಮ್ಮಲ್ಲಿಗೆ ಬಂದಾಗ ನಾನು ಅದನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದೆ. ಚುಚ್ಚಲು ಯಾರಾದರೂ ಸಿಗುತ್ತಾರಾ ಎಂದು ಕಾಯುತ್ತಿದ್ದೆ.

ಒಂದು ಬೆಳಿಗ್ಗೆ ಅಥಣಿ ಕಡೆಯ ಬೆಲ್ಲದ ವ್ಯಾಪಾರಿ ಹೆಂಡತಿಯ ಕಾಟ ತಾಳಲಾರದೆ ಬಂದರು. "ಏನೂ ತ್ರಾಸ ಇಲ್ರಿ. ಆದ್ರೂ ಈಕಿ ಸಕ್ರಿ ನೋಡಿಸ್ರಿ ಅಂತಾಳ. ನಿನ್ನೆ ಊಟ ಆದಮ್ಯಾಲ ನೀರ ಬಿಟ್ಟು ಏನೂ ಮುಟ್ಟಿಲ್ಲ" ಎಂದು ಕೈ ಚಾಚಿದರು. ಚುಚ್ಚಿದೆ. ಮಶೀನು ನಾನ್ನೂರರ ಮೇಲೆ ತೋರಿಸಿತು.

ನನಗೆ ಒಳಗೊಳಗೆ ಖುಷಿ, ಹೊರಗೆ ಗಾಂಭೀರ್ಯ. ಗಂಟಲು ಸರಿ ಮಾಡಿಕೊಂಡು ಹೇಳಿದೆ: "ಸಾಹುಕಾರ್ರ, ಇನ್ನ ಪಥ್ಯ ಮಾಡಬೇಕಾಗ್ತದ."

"ಹೋಳಿಗಿ?"

"ಬ್ಯಾಡ."

"ಮಾವಿನಹಣ್ಣು?"

"ಬ್ಯಾಡ."

"ಬೆಲ್ಲ?"

"ಅದರ ಹೆಸರು ತೆಗೀಬ್ಯಾಡ್ರಿ."

ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. "ಮತ್ತ ಬದುಕಿ ಮಾಡೂದಾದ್ರೂ ಏನ್ರಿ?" ಎಂದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೇಡಂ ಬಂದವರೇ ಮಶೀನನ್ನು ಕೂಡ ಬೋರಲು ಹಾಕಿದರು! ರಾತ್ರಿ ಮೂತ್ರಕ್ಕೆ ಏಳುತ್ತೀರಾ? ಇಲ್ಲ. ಬಾಯಾರಿಕೆ? ಇಲ್ಲ. ತೂಕ ಇಳಿದಿದೆಯಾ? ಇದಕ್ಕೆ ಹೆಂಡತಿಯೇ ಉತ್ತರ ಕೊಟ್ಟರು: "ವರ್ಷಕ್ಕೊಮ್ಮೆ ದರ್ಜಿ ಕಡೆ ಪ್ಯಾಂಟ್ ಬಿಚ್ಚಿಸಿ ಅಗಲ ಮಾಡಸ್ತೀನ್ರಿ."

ಮೇಡಂ ನನ್ನ ಕಡೆ ತಿರುಗಿ, "ನಾನ್ನೂರು ಸಕ್ರಿ ಮೈಯಾಗ ಇದ್ದವ ಹಿಂಗ ಗುಂಡಗ ಕೂತಿರೂದಿಲ್ಲ" ಎಂದರು. ಆಮೇಲೆ ಸಾಹುಕಾರರನ್ನು ಕೇಳಿದರು: "ಇಲ್ಲಿಗೆ ಬರೂಕಿಂತ ಮೊದಲ ಎಲ್ಲಿದ್ರಿ?"

"ಹರಾಜಿನಾಗರಿ. ಆದ್ರ ತಿಂದಿಲ್ರಿ, ದೇವರಾಣಿ. ಬರೇ ಬೆಲ್ಲದ ಪೆಂಟಿ ಮುರದು, ಬೆರಳಿನಾಗ ಒತ್ತಿ ನೋಡೀನಿ. ರುಚಿ ನೋಡೂ ಕೆಲಸ ಇವತ್ತ ತಮ್ಮಗ ಹಚ್ಚೀನಿ."

ಮೇಡಂ ಅವರ ಕೈ ಹಿಡಿದು ಬೆರಳನ್ನು ಮೂಗಿನ ಹತ್ತಿರ ತಂದು ವಾಸನೆ ನೋಡಿದರು. "ಹೋಗ್ರಿ, ಸಾಬಾಣ ಹಚ್ಚಿ ಕೈ ತೊಳಕೊಂಡು ಬರ್ರಿ." ತೊಳೆದುಕೊಂಡು ಬಂದ ಬೆರಳನ್ನು ಚುಚ್ಚಿದರೆ ಸಕ್ಕರೆ ತೊಂಬತ್ತರ ಆಸುಪಾಸು. ಮಶೀನು ಸುಳ್ಳು ಹೇಳಿರಲಿಲ್ಲ, ಅದು ಬೆಲ್ಲವನ್ನು ಅಳೆದಿತ್ತು ಅಷ್ಟೇ. ರೋಗಿ ಕೂತ ಭಂಗಿಯನ್ನು ನೋಡಿ ಬೆರಳಿನ ತನಕ ಹೋದ ಆ ಬುದ್ಧಿಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ.

ಸಾಹುಕಾರರಿಗೆ ಹೋದ ಜೀವ ಬಂತು. ಆದರೆ ಅವರ ತಲೆ ಬೇರೆ ಕಡೆ ಓಡುತ್ತಿತ್ತು. "ನಾನ್ನೂರು ಅಂದ್ರ್ಯಾ? ಬೆರಳಿಗೆ ಹತ್ತಿದ್ದು ಚೂರು, ಅದರಾಗ ನಾನ್ನೂರು? ಮಾಲು ಭಾರೀ ಅದ ಬಿಡ್ರಿ!"

ಮರುದಿನ ಬೆಳಿಗ್ಗೆ ದವಾಖಾನೆಯ ಬಾಗಿಲು ತೆಗೆಯುವ ಮೊದಲೇ ಮೂರು ಪೊಟ್ಟಣ ಹಿಡಿದು ನಿಂತಿದ್ದರು. "ಮೂರು ಲಾಟಿನ ಬೆಲ್ಲ ತಂದೀನ್ರಿ. ನಿಮ್ಮ ಮಶೀನಿಗೆ ಹಚ್ಚಿ, ಯಾವುದು ಖರೀದಿ ಮಾಡ್ಲಿ ಅಷ್ಟು ಹೇಳಿಬಿಡ್ರಿ."

ಸಂಜೆ ಗಂಡ ಕೇಳಿದರು: "ಕುರ್ಚಿ ಸಿಕ್ತೇನು?" ನಾನೆಂದೆ: "ಇಲ್ಲ, ಬೆಲ್ಲ ಸಿಕ್ತು."

ಅಜ್ಜಿಯ ಪಟ್ಟಿ

ಅದೇ ಸಾಹುಕಾರರ ತಾಯಿ, ವಿಠ್ಠಲನ ಭಕ್ತೆ, ಪಂಢರಪುರಕ್ಕೆ ನಡೆದು ಹೋಗಿ ಬಂದ ಮುದುಕಿ. ಒಮ್ಮೆ "ಎದಿ ಧಸಕ್ ಅಂತು" ಎಂದರಂತೆ. ಮಗ ಎತ್ತಿಕೊಂಡೇ ಬಂದರು. ನಾನು ಅಜ್ಜಿಯನ್ನು ಮಲಗಿಸಿ, ಕೈಕಾಲಿಗೆ ತಂತಿ ಕಟ್ಟಿ, ನಾಚಿಕೆಗೆಂದು ಕತ್ತಿನ ತನಕ ಚಾದರ ಹೊದಿಸಿ, ಎದೆಯ ಪಟ್ಟಿ ತೆಗೆಯುವ ಇಸಿಜಿ ಮಶೀನು ಶುರು ಮಾಡಿದೆ.

"ಕೈ ಎತ್ತಬ್ಯಾಡ್ರಿ ಅಜ್ಜಿ."

"ಎತ್ತೂದಿಲ್ಲವ್ವ."

ಕಾಗದದ ಪಟ್ಟಿ ಹೊರಬರತೊಡಗಿತು. ನೋಡಿದೆ, ನನ್ನ ಎದೆ ನಿಂತಿತು. ಗೆರೆಗಳು ಮೇಲೆ ಕೆಳಗೆ ಹುಚ್ಚು ಹಿಡಿದಂತೆ ಕುಣಿಯುತ್ತಿದ್ದವು. ಇಂಥ ಗೆರೆ ಬಂದವರು ಬಹಳ ಹೊತ್ತು ಉಳಿಯುವುದಿಲ್ಲ ಎಂದು ಓದಿದ್ದೆ. "ಅಯ್ಯೋ ದೇವರೇ" ಎಂದುಬಿಟ್ಟೆ. ಗೆರೆಗಳು ಇನ್ನೂ ಜೋರಾದವು. ಸಾಹುಕಾರರು "ಅವ್ವಾ!" ಎಂದು ಅಳತೊಡಗಿದರು. ಗೆರೆಗಳು ಮತ್ತೂ ಜೋರಾದವು. ನಾವು ಹೆದರಿದಷ್ಟೂ ಮಶೀನು ಓಡುತ್ತಿತ್ತು, ಮಶೀನು ಓಡಿದಷ್ಟೂ ನಾವು ಹೆದರುತ್ತಿದ್ದೆವು. ಅಜ್ಜಿ ಮಾತ್ರ ತಣ್ಣಗೆ ಮಲಗಿ, "ನನ್ನ ಮಗ ಯಾಕ ಅಳಾಕತ್ಯಾನ? ಅವಗೇನಾತು? ಮೊದಲ ಅವನ್ನ ನೋಡವ್ವ" ಎನ್ನುತ್ತಿದ್ದರು.

ಮೇಡಂ ಬಂದರು. ಪಟ್ಟಿಯನ್ನು ಕಣ್ಣೆತ್ತಿ ನೋಡಲಿಲ್ಲ. ಮಂಚದ ಅಂಚಿಗೆ ಕೂತು, ಚಾದರದೊಳಗೆ ಕೈ ಹಾಕಿ ಅಜ್ಜಿಯ ಬಲಗೈ ಹಿಡಿದರು, ಅಷ್ಟೇ. ಮರುಕ್ಷಣ ಮಶೀನಿನ ಗೆರೆ ಶಾಂತವಾಯಿತು. ಒಂದು ಬಡಿತ, ಇನ್ನೊಂದು ಬಡಿತ, ಅಚ್ಚುಕಟ್ಟಾಗಿ.

ಕೈಗುಣ ಅಂತ ಜನ ಹೇಳುವುದನ್ನು ಕೇಳಿದ್ದೆ. ಕಣ್ಣಾರೆ ಕಂಡೆ ಅಂದುಕೊಂಡು ಕೈ ಮುಗಿಯುವುದೊಂದು ಬಾಕಿ. ಅಷ್ಟರಲ್ಲಿ ಮೇಡಂ ಅಜ್ಜಿಯ ಕೈಯನ್ನು ಹೊರಗೆ ತೆಗೆದರು. ಅದರಲ್ಲಿ ತುಳಸಿಮಣಿಯ ಮಾಲೆ.

ಕೈ ಎತ್ತಬೇಡಿ ಎಂದಿದ್ದೆನಲ್ಲ, ಅಜ್ಜಿ ಎತ್ತಿರಲಿಲ್ಲ. ಮಶೀನು ಕಂಡು ಹೆದರಿ ಚಾದರದೊಳಗೆ ಜಪ ಮಾಡುತ್ತಿದ್ದರು. ನಾವು ಹೆದರಿದಾಗ ಮಣಿಗಳ ಓಟ ಹೆಚ್ಚಾಗಿತ್ತು.

"ಇಂಥಾ ಗೆರಿ ಬಂದವರಿಗೆ ಎಚ್ಚರ ಇರೂದಿಲ್ಲ, ನಾಡಿ ಸಿಗೂದಿಲ್ಲ. ಈಕಿ ಮಗನ ಚಿಂತಿ ಮಾಡಾಕತ್ಯಾಳ" ಎಂದರು ಮೇಡಂ. ಪಟ್ಟಿಯಲ್ಲಿ ಬಲಗೈಯ ತಂತಿ ಸೇರದ ಒಂದೇ ಒಂದು ಸಾಲನ್ನು ತೋರಿಸಿದರು. ಅಷ್ಟೆಲ್ಲ ಗದ್ದಲದ ನಡುವೆ ಆ ಸಾಲಿನಲ್ಲಿ ಹೃದಯ ತನ್ನ ಪಾಡಿಗೆ ತಾನು, ಎಂಬತ್ತು ವರ್ಷದ ಅಭ್ಯಾಸದಂತೆ ಬಡಿದುಕೊಂಡಿತ್ತು.

ಅಜ್ಜಿ ಆ ಪಟ್ಟಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡರು. "ಇಷ್ಟು ವರ್ಷ ಮಾಡಿದ ಜಪ ಎಲ್ಲಿಗೆ ಹೋಗತದೋ ಅಂತಿದ್ದೆ. ನೋಡವ್ವ, ಇಲ್ಲಿ ಬರದ ಇಟ್ಟಾನ!" ಎಂದು ಅದನ್ನು ಮಡಿಚಿ ದೇವರ ಜಗುಲಿಗೆ ಒಯ್ದರು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಏಕಾದಶಿ ದಿವಸ ಮತ್ತ ಬರ್ತೀನಿ. ಅವತ್ತ ಜಪ ಭಾಳ ಇರತದ, ಉದ್ದನ್ನ ಪಟ್ಟಿ ಹಾಕಿಟ್ಟಿ​ರು."

ಇಟ್ಟಂಗಿ

ಎರಡು ಸಾವಿರದ ಇಸವಿಯ ನಂತರ ಯಾರ್ಡಿನ ಸುತ್ತ ಎಲ್ಲಿ ನೋಡಿದರೂ ಹೊಸ ಕಟ್ಟಡ. ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು ಕೂಸಿಗೆ ನೆಗಡಿ ಎಂದು ಬಂದಳು. ಮೇಡಂ ಕೂಸನ್ನು ನೋಡುವುದು ಬಿಟ್ಟು ಅವಳ ನಾಲಗೆ, ಉಗುರು ನೋಡಿ ಅವಳ ರಕ್ತವನ್ನೇ ಪರೀಕ್ಷೆಗೆ ಕಳಿಸಿದರು.

ಲ್ಯಾಬಿನವರೇ ಗಾಬರಿಯಾಗಿ ಫೋನ್ ಮಾಡಿದರು. ಮೈಯಲ್ಲಿ ಇರಬೇಕಾದ ರಕ್ತದ ಅರ್ಧವೂ ಇಲ್ಲ, ಈ ರೋಗಿಯನ್ನು ಯಾವ ಆಸ್ಪತ್ರೆಯಲ್ಲಿ ಮಲಗಿಸಿದ್ದೀರಿ ಎಂದು ಕೇಳಿದರು. ನಾನು ಕಿಟಕಿಯಿಂದ ನೋಡಿದೆ. ರೋಗಿ ಎದುರಿನ ಕಟ್ಟಡದಲ್ಲಿ ತಲೆಯ ಮೇಲೆ ಇಟ್ಟಂಗಿ ಹೊತ್ತು, ಯಾರಿಗೋ ಬೈಯುತ್ತ, ಬಿದಿರಿನ ಏಣಿ ಹತ್ತುತ್ತಿದ್ದಳು.

"ರಿಪೋರ್ಟೂ ಖರೇ, ಆಕೀನೂ ಖರೇ. ರಕ್ತ ನಿಧಾನಕ್ಕ ಇಳಿದದ, ಮೈ ನಿಧಾನಕ್ಕ ಒಗ್ಗಿಕೊಂಡದ" ಎಂದರು ಮೇಡಂ. ಮನುಷ್ಯನ ಮೈಯ ಮೇಲೆ ನನಗೆ ಅವತ್ತು ಹುಟ್ಟಿದ ಗೌರವ ಇಂದಿಗೂ ಇಳಿದಿಲ್ಲ. ನನಗಾಗಿದ್ದರೆ ಹಾಸಿಗೆಯಿಂದ ಏಳಲು ಇಬ್ಬರು ಬೇಕಾಗುತ್ತಿತ್ತು.

ಅವಳನ್ನು ಕರೆಸಿ ಕೂರಿಸಿದರು. ದಮ್ಮು ಬರುತ್ತದಾ, ತಲೆ ತಿರುಗುತ್ತದಾ ಎಂದು ಕೇಳುತ್ತಾರೆ ಅಂದುಕೊಂಡರೆ ಮೇಡಂ ಕೇಳಿದ್ದೇ ಬೇರೆ: "ಏನು ತಿನ್ನಬೇಕು ಅನಸ್ತದವಾ?"

ಅವಳು ಸೆರಗು ಬಾಯಿಗಿಟ್ಟು ನಕ್ಕಳು. ಬಹಳ ಹೊತ್ತು ನಾಚಿ, ಕೊನೆಗೆ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿದಳು. ಅದರೊಳಗೆ ಎಲೆ ಇಲ್ಲ, ಅಡಿಕೆ ಇಲ್ಲ. ಕೆಂಪು ಇಟ್ಟಂಗಿಯ ತುಂಡುಗಳು!

"ನೀರ ಚಿಮಕಿಸಿದ್ರ ಮೊದಲ ಮಳಿ ವಾಸನಿ ಬರತದ್ರಿ" ಎಂದಳು. "ಈ ಕಡೆ ಇಟ್ಟಂಗಿ ಭಟ್ಟೀದು ಸಪ್ಪಗ. ನದಿ ಆಚಿ ಭಟ್ಟೀದು ಬಾಯಾಗ ಇಟ್ರ ಕರಗತದ. ಮೇಸ್ತ್ರಿ ಇಲಿ ಕಡದಾವಂತ ಬೋನು ಇಟ್ಟಾನ್ರಿ, ಪಾಪ."

ಮೇಡಂ ನಗಲಿಲ್ಲ. "ರಕ್ತಕ್ಕ ಕಬ್ಬಿಣ ಬೇಕಾಗೇದ. ಮೈಗೆ ಬೇಕಾದ್ದು ಕೇಳಾಕ ಗೊತ್ತದ, ಹೆಸರು ಹೇಳಾಕ ಗೊತ್ತಿಲ್ಲ. ಅದಕ್ಕ ಇಟ್ಟಂಗಿ ಬೇಡತದ" ಎಂದು ನನಗೆ ಹೇಳಿ, ಅವಳಿಗೆ ಕಬ್ಬಿಣದ ಗುಳಿಗೆ ಬರೆದುಕೊಟ್ಟರು.

ಕೆಲವು ತಿಂಗಳಾದ ಮೇಲೆ ಅವಳು ಹೊಸ ರಿಪೋರ್ಟು ಹಿಡಿದು ಬಂದಳು. ಮುಖದಲ್ಲಿ ಕೆಂಡದಂಥ ಸಿಟ್ಟು. "ಎಂಥಾ ಗುಳಿಗಿ ಕೊಟ್ಟೀರಿ? ಇಟ್ಟಂಗಿ ರುಚೀನ ಹತ್ತವಲ್ದು! ಬಾಯಾಗ ಇಟ್ರ ಬರೇ ಮಣ್ಣು ಇಟ್ಟಂಗ ಆಗತದ."

ರಿಪೋರ್ಟು ಬೋರಲು ಬಿದ್ದಿತ್ತು. ನಾನು ಅಭ್ಯಾಸಬಲದಿಂದ ಕಲ್ಲು ಸರಿಸಿ ಅದನ್ನು ತಿರುವಲು ಹೋದೆ. ಮೇಡಂ ನನ್ನ ಕೈ ಮೇಲೆ ಮೆಲ್ಲಗೆ ಹೊಡೆದರು. "ಆಕಿ ಓದಿ ಹೇಳಿಬಿಟ್ಟಳಲ್ಲ, ಕೇಳಿಸಲಿಲ್ಲೇನು? ರಕ್ತ ಏರೇದ, ಅದಕ್ಕ ಇಟ್ಟಂಗಿ ಬ್ಯಾಡಾಗೇದ. ಕುರ್ಚಿ ಕೈಗೆ ಬಂದಿತ್ತು, ಬಿಟ್ಟಿ." ತಿರುವಿ ನೋಡಿದರೆ ಹಾಗೆಯೇ ಇತ್ತು. ನನಗೆ ಅಳು ಬರುವುದೊಂದು ಬಾಕಿ.

ಆದರೆ ಅವಳ ದುಃಖ ನನ್ನದಕ್ಕಿಂತ ದೊಡ್ಡದಾಗಿತ್ತು. "ನದಿ ಆಚಿ ಭಟ್ಟೀವು ಚಲೋ ಚಲೋ ತುಂಡು ಆರಿಸಿ ಗಡಗಿ ತುಂಬ ಇಟ್ಟೀನ್ರಿ. ಈಗ ಅವನ್ನ ಯಾರಿಗೆ ತಿನಸ್ಲಿ?"

ಚಹಾ

ಕೊನೆಯದು ಮೇಡಂ ಅವರದೇ.

ಅವರ ಸೋದರಳಿಯನ ಮದುವೆಯಾಗಿತ್ತು. ಮನೆದೇವರು ಖಂಡೋಬ, ಎಲ್ಲರೂ ಜೇಜುರಿಗೆ ಹೋಗಿ ಬಂದರು. ಮರುದಿನ ಮೇಡಂ ದವಾಖಾನೆಗೆ ಬಂದಾಗ ಕಿವಿ, ಕುತ್ತಿಗೆ, ಕೈ ಎಲ್ಲ ಭಂಡಾರ. ಬಾಕಿನ ಮೇಲಿದ್ದ ರೋಗಿಗಳೆಲ್ಲ ಎದ್ದು ಕೈ ಮುಗಿದರು.

"ಸುಸ್ತು ಭಾಳ ಆಗೇದ. ಜೇಜುರಿಗೆ ಹೋಗೂಕಿಂತ ಮೊದಲಿಂದನ ಅದ. ವಯಸ್ಸಾತು" ಎನ್ನುತ್ತ ಕುರ್ಚಿಗೆ ಕುಸಿದು, ಚೀಲದಿಂದ ರಿಪೋರ್ಟುಗಳನ್ನು ತೆಗೆದು ಮೇಜಿನ ಮೇಲೆ ಹಾಕಿದರು. "ಸಕ್ರಿ, ರಕ್ತ, ಎದಿ ಪಟ್ಟಿ, ಎಲ್ಲಾ ಮಾಡಿಸೀನಿ. ಎಲ್ಲಾ ನಾರ್ಮಲ್."

ರಿಪೋರ್ಟುಗಳು ಅಂಗಾತ ಬಿದ್ದಿದ್ದವು. ಆ ಮೇಜಿನ ಮೇಲೆ ಅಂಗಾತ ಬಿದ್ದ ರಿಪೋರ್ಟನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅಷ್ಟರಲ್ಲಿ ಓಣಿಯ ಅಂಗಡಿಯ ಹುಡುಗ ಚಹಾ ತಂದ. ಮೇಡಂ ಅವರ ಚಹಾದ ಬಗ್ಗೆ ಹೇಳಬೇಕು. ಒಂದು ಕೈಯಲ್ಲಿ ರೋಗಿಯ ನಾಡಿ, ಇನ್ನೊಂದು ಕೈಯಲ್ಲಿ ಚಹಾದ ಗ್ಲಾಸು, ಇದು ಅವರ ನಿತ್ಯದ ಭಂಗಿ. ಅಂಥವರು ಗ್ಲಾಸನ್ನು ದೂರ ಸರಿಸಿ, ಮೂಗು ಮುಚ್ಚಿಕೊಂಡು, "ಒಯ್ಯೋ ಅದನ್ನ, ವಾಸನಿ ಬಡೀತದ" ಎಂದರು.

ಇಟ್ಟಂಗಿ ಬೇಡವಾದದ್ದು ಒಂದು ರಿಪೋರ್ಟಾದರೆ ಚಹಾ ಬೇಡವಾದದ್ದೂ ಒಂದು ರಿಪೋರ್ಟೇ. ಸ್ಟೂಲಿನಿಂದ ಎದ್ದೆ. ಅವರ ರಿಪೋರ್ಟುಗಳನ್ನು ಬೋರಲು ಹಾಕಿ, ತೂಕದ ಕಲ್ಲು ಇಟ್ಟೆ. "ಮೊದಲ ನೀವು ಹೇಳ್ರಿ ಮೇಡಂ. ಏನಾಗ್ತದ?"

"ನನ್ನ ಕೇಳ್ತಿ?"

"ಹೌದ್ರಿ, ನಿಮ್ಮನ್ನ."

ಅವರಷ್ಟು ಹಟಮಾರಿ ರೋಗಿಯನ್ನು ನಾನು ಆಮೇಲೂ ನೋಡಿಲ್ಲ. ಊಟ ಸೇರುವುದಿಲ್ಲ ಎಂಬುದನ್ನು ಬಾಯಿ ಬಿಡಿಸಬೇಕಾದರೆ ಸಾಕಾಯಿತು. ಒದ್ದೆ ಹತ್ತಿಯಿಂದ ಅವರ ತೋಳು ಒರೆಸಿದೆ. ಹತ್ತಿ ಹಳದಿಯಾಯಿತು. "ನೋಡು! ಭಂಡಾರ" ಎಂದು ಗೆದ್ದವರಂತೆ ನಕ್ಕರು. ನಾನು ಒರೆಸುತ್ತಲೇ ಇದ್ದೆ. ಹತ್ತಿ ಬೆಳ್ಳಗೆ ಬರತೊಡಗಿತು, ತೋಳು ಹಳದಿಯಾಗಿಯೇ ಉಳಿಯಿತು. ಕೆಳರೆಪ್ಪೆ ಎಳೆದು ನೋಡಿದೆ. ಕಣ್ಣಿನ ಬಿಳಿ ಅರಿಸಿನ ನೀರಿನ ಬಣ್ಣಕ್ಕೆ ತಿರುಗಿತ್ತು. ಮೇಲೆ ಭಂಡಾರ, ಒಳಗೆ ಕಾಮಾಲೆ, ಎರಡೂ ಒಟ್ಟಿಗೇ.

"ನಿಮ್ಮ ರಿಪೋರ್ಟ್ ಸುಳ್ಳಲ್ಲ ಮೇಡಂ" ಎಂದೆ. "ನೀವು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟದ. ಕಾಮಣಿ ಅದ ಏನು ಅಂತ ನೀವು ಕೇಳೇ ಇಲ್ಲ."

ಅವರು ರಕ್ತ ಕೊಡಲು ತೋಳು ಚಾಚಿದರು. ಸಂಜೆ ಬಂದ ರಿಪೋರ್ಟಿನಲ್ಲಿ ಕಾಮಾಲೆ ತರುವ ಪಿತ್ತದ ಅಂಶ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಕಣ್ಣೀರು ತಡೆಯಲು ಏನಾದರೂ ಹೇಳಬೇಕಿತ್ತು, ಹೇಳಿದೆ: "ಭಂಡಾರ ರಕ್ತಕ್ಕ ಇಳದದ ಮೇಡಂ. ನಿಮ್ಮ ಭಕ್ತಿಯಾಗ ಏನೂ ಕಮ್ಮಿ ಇಲ್ಲ." ಅವರು ನಕ್ಕರು, ನಕ್ಕು ಕಣ್ಣು ಮುಚ್ಚಿಕೊಂಡರು.

ನೀರಿನಿಂದ ಯಕೃತ್ತಿಗೆ ತಗಲಿದ ಬೇನೆ. ಹುಡುಗರಿಗೆ ಬಂದರೆ ಬಂದು ಹೋಗುತ್ತದೆ. ಅವರ ವಯಸ್ಸಿನಲ್ಲಿ ಏನಾಗುತ್ತದೋ ಹೇಳಲಾಗುವುದಿಲ್ಲ ಎಂದರು ತಜ್ಞರು. ಆಸ್ಪತ್ರೆಯಲ್ಲಿ ಇದ್ದು ಮನೆಗೆ ಬಂದರು, ಆದರೆ ರಿಪೋರ್ಟು ಪ್ರತಿ ಸಲವೂ ಏರುತ್ತಲೇ ಇತ್ತು. ಹೊಟ್ಟೆಗೆ ಏನೂ ಸೇರುತ್ತಿರಲಿಲ್ಲ. ದವಾಖಾನೆಯನ್ನು ನಾನೊಬ್ಬಳೇ ನಡೆಸಿದೆ. ಕುರ್ಚಿ ಖಾಲಿ ಇತ್ತು, ಕೂರಲು ಮನಸ್ಸು ಬರಲಿಲ್ಲ. ಸ್ಟೂಲಿನ ಮೇಲೆಯೇ ಕೂತು ರೋಗಿಗಳನ್ನು ನೋಡಿದೆ. ಗಂಡ ಕುರ್ಚಿಯ ಮಾತು ಕೇಳುವುದನ್ನು ನಿಲ್ಲಿಸಿದರು.

ಒಂದು ಭಾನುವಾರ ಹೊಸ ರಿಪೋರ್ಟಿನ ಲಕೋಟೆ ಇಸಿದುಕೊಂಡು ಮೇಡಂ ಮನೆಗೆ ಹೋದೆ. ಅದನ್ನು ಒಡೆಯಲು ನನಗೆ ಧೈರ್ಯವಿರಲಿಲ್ಲ. ಅಲ್ಲಿ ನೋಡಿದರೆ ಇಡೀ ಯಾರ್ಡೇ ಬಂದಿತ್ತು. ಬೆಲ್ಲದ ಸಾಹುಕಾರರು ಪೆಂಟಿ ಬೆಲ್ಲ, ಕಬ್ಬಿನಹಾಲು ತಂದು, ಒಳಗೆ ಬಂದವರಿಗೆಲ್ಲ "ಮೊದಲ ಸಾಬಾಣ ಹಚ್ಚಿ ಕೈ ತೊಳಕೋರಿ" ಎಂದು ಅಪ್ಪಣೆ ಮಾಡುತ್ತಿದ್ದರು. ಅವರ ತಾಯಿ ಮೂಲೆಯಲ್ಲಿ ಜಪ ಮಾಡುತ್ತ, "ಆ ಮಶೀನು ತಂದು ನನಗ ಹಚ್ಚವ್ವ. ಪಟ್ಟಿ ಡಾಕ್ಟರ್ ಹೆಸರಿಗೆ ಬರಕೋ" ಎಂದರು. ಹಮಾಲ ಜೇಜುರಿಯ ಪ್ರಸಾದ ಹಿಡಿದು ಬಾಗಿಲಲ್ಲೇ ಚಡಪಡಿಸುತ್ತಿದ್ದ. "ಭಂಡಾರ ತಂದೀನ್ರಿ. ಹಚ್ಚಲೋ ಬ್ಯಾಡೋ? ಹಚ್ಚಿದ್ರ ನಿಮಗ ಮತ್ತ ಗೊಂದಲ ಆಗತದ."

ಲಕೋಟೆ ಒಡೆದು, ನೋಡದೆ, ರಿಪೋರ್ಟನ್ನು ಹಾಸಿಗೆಯ ಪಕ್ಕ ಬೋರಲು ಹಾಕಿ ಮೇಲೆ ಬೆಲ್ಲದ ಪೆಂಟಿ ಇಟ್ಟೆ. ಒಬ್ಬರೂ ಅದರ ಕಡೆ ಕೈ ಚಾಚಲಿಲ್ಲ. ಅಲ್ಲಿದ್ದವರಿಗೆಲ್ಲ ಆ ಪದ್ಧತಿ ಗೊತ್ತಿತ್ತು.

ಇಟ್ಟಂಗಿಯ ಹೆಣ್ಣುಮಗಳು ಮಂಚದ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಮೇಡಂ ಕೈ ಹಿಡಿದು ಕೇಳಿದಳು: "ಏನು ತಿನ್ನಬೇಕು ಅನಸ್ತದ್ರಿ ಅವ್ವಾರ?"

ಮೇಡಂ ಸುತ್ತಲಿದ್ದವರನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ಕದ್ದು ತಿನ್ನಲು ಹೊರಟ ಹುಡುಗಿಯಂತೆ ಮೆಲ್ಲಗೆ ಹೇಳಿದರು: "ಚಹಾ... ಅರ್ಧ ಕಪ್ಪರೆ ಸಿಗತದೇನು?"

"ಇಳದದ!" ಎಂದು ನಾನು ಕೂಗಿದೆ. "ರಿಪೋರ್ಟ್ ಇಳದದ ಮೇಡಂ! ಕಾಮಣಿ ಇಳೀಲಿಕ್ಕೆ ಹತ್ಯದ!"

ಮೇಡಂ ತಲೆ ಎತ್ತಿ, ಹಳದಿ ಕಣ್ಣುಗಳನ್ನು ಚೂಪು ಮಾಡಿ ನನ್ನನ್ನು ನೋಡಿದರು. "ತಿರುವಿ ನೋಡಿಯೇನು?"

"ಇಲ್ರಿ. ಮುಟ್ಟಿಲ್ಲ."

ತಾವೇ ಬೆಲ್ಲ ಸರಿಸಿ ರಿಪೋರ್ಟು ತಿರುವಿದರು. ಹಿಂದಿನ ಸಲದ ಅರ್ಧಕ್ಕೆ ಇಳಿದಿತ್ತು. ಅದನ್ನು ನನ್ನ ಕೈಗೆ ಕೊಟ್ಟು ಹೇಳಿದರು: "ನಾಳಿಂದ ಕುರ್ಚಿ ಮ್ಯಾಲೆ ಕೂಡು. ಸ್ಟೂಲು ನನಗ ಇರಲಿ." ಇಷ್ಟು ವರ್ಷ ಕಾದ ಮಾತು ಅದು. ನಾನು ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. ಸಾಹುಕಾರರೂ ಅತ್ತರು, ಅವರಿಗೆ ಅಳಲು ನೆಪವೇ ಬೇಡ. ಒಳಗಿನಿಂದ ಯಾರೋ ಚಹಾ ತಂದರು.

ಇಟ್ಟಂಗಿಯ ಹೆಣ್ಣುಮಗಳಿಗೆ ಮಾತ್ರ ಸಮಾಧಾನವಿರಲಿಲ್ಲ. ಸೊಂಟದ ಚೀಲ ಬಿಚ್ಚಿ, ಆರಿಸಿ ಆರಿಸಿ ಒಂದು ಕೆಂಪು ತುಂಡು ತೆಗೆದು ಮೇಡಂ ಅಂಗೈಯಲ್ಲಿಟ್ಟಳು. "ಬರೇ ಚಹಾ ಯಾಕ್ರಿ ಹಸದ ಹೊಟ್ಟೀಲೆ? ನದಿ ಆಚಿ ಭಟ್ಟೀದು. ನಿಮ್ಮ ಸಲುವಾಗಿನ ಎತ್ತಿಟ್ಟಿದ್ದೆ."

ಮೇಡಂ ಅದನ್ನು ಮೂಗಿನ ಹತ್ತಿರ ತಂದು ವಾಸನೆ ನೋಡಿದರು. "ಖರೇನ ಮಳಿ ವಾಸನಿ ಬರತದ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಜೀವಮಾನದಲ್ಲಿ ಮೊದಲ ಸಲ ನನ್ನ ಅಪ್ಪಣೆ ಕೇಳಿದರು: "ಡಾಕ್ಟರ್ರ, ತಿನ್ಲೇನು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಣ್ಣೊರೆಸಿಕೊಂಡು, ಆ ಕುರ್ಚಿಯ ಗಾಂಭೀರ್ಯ ತಂದುಕೊಂಡು, ನನ್ನ ಮೊದಲ ಸಲಹೆ ಕೊಟ್ಟೆ:

"ಚಹಾದಾಗ ಅದ್ದಿಕೊಂಡು ತಿನ್ರಿ ಮೇಡಂ, ಮೆತ್ತಗಾಗತದ."